ಹೈಸ್ಕೂಲ್ ಮಕ್ಕಳಿಗೆ ಸ್ಟೈಪೆಂಡ್ ಕೊಡುವ ಮೆಡಿಕಲ್ ರಿಸರ್ಚ್ ಇಂಟರ್ನ್‌ಶಿಪ್‌ಗಳು: ಹೆಸರು ಬದಿಗಿಟ್ಟು ಒಂದು ವಿಮರ್ಶೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಸ್‌ಐಎಂಆರ್ ಬೇಸಿಗೆಯಲ್ಲಿ ನಡೆಯುವ 8 ವಾರದ ವೈದ್ಯಕೀಯ ಸಂಶೋಧನಾ ಕಾರ್ಯಕ್ರಮ. ಕನಿಷ್ಠ ಸ್ಟೈಪೆಂಡ್ 500 ಡಾಲರ್. ವಾರಕ್ಕೆ 40 ಗಂಟೆ ಎಂದು ಹಿಡಿದರೆ ಒಟ್ಟು 320 ಗಂಟೆ, ಅಂದರೆ ಗಂಟೆಗೆ ಒಂದೂವರೆ ಡಾಲರ್ ಮತ್ತು ಸ್ವಲ್ಪ ಚಿಲ್ಲರೆ. ಮೇನ್ ರಾಜ್ಯದ ಜ್ಯಾಕ್ಸನ್ ಲ್ಯಾಬೊರೇಟರಿಯದು 10 ವಾರ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ 6,500 ಡಾಲರ್ ಕೊಡುತ್ತಿದ್ದಾರೆ, ಜೊತೆಗೆ ವಸತಿ, ಊಟ, ಪ್ರಯಾಣದ ಖರ್ಚು ಎಲ್ಲವೂ ಅವರದೇ. ಅಮೆರಿಕದಲ್ಲಿ ಪಟ್ಟಿ ಮಾಡುವವರು ಈ ಎರಡನ್ನೂ 'ಸ್ಟೈಪೆಂಡ್ ಇದೆ' ಎಂಬ ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ಆ ಪಟ್ಟಿ ನೋಡಿ ಅರ್ಜಿ ಹಾಕುವವರು ಮೋಸಹೋಗುವುದು ಇಲ್ಲೇ.

ನಮ್ಮ ಅಳತೆಗೋಲು ಬೇರೆ. ವಸತಿ, ಓಡಾಟ, ತೆರಿಗೆ ಕಳೆದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು? ಲ್ಯಾಬಿನಲ್ಲಿ ದಿನವೂ ಮಗುವಿನ ಪಕ್ಕ ನಿಂತು ಕಲಿಸುವವರು ಯಾರು? ಆ 8 ವಾರದಲ್ಲಿ ಮುಗಿಯುವಂಥ ಕೆಲಸವನ್ನೇ ಕೊಡುತ್ತಾರೆಯೇ? ಈ ಮೂರಕ್ಕೂ ನೇರ ಉತ್ತರ ಸಿಕ್ಕರೆ ಹೆಸರು ಚಿಕ್ಕದಾದರೂ ಹೋಗಬಹುದು. ಸಿಗದಿದ್ದರೆ ಎಷ್ಟು ದೊಡ್ಡ ವಿಶ್ವವಿದ್ಯಾಲಯದ ಹೆಸರಿದ್ದರೂ ಎರಡನೇ ಸಲ ಯೋಚಿಸಬೇಕು.

ಎಲ್ಲಿ ಏನು ಸಿಗುತ್ತದೆ

ಜ್ಯಾಕ್ಸನ್ ಲ್ಯಾಬಿನ ಬೇಸಿಗೆ ಕಾರ್ಯಕ್ರಮದ ಮೂಲ 1924ಕ್ಕೆ ಹೋಗುತ್ತದೆ. 1955ರ ಬೇಸಿಗೆಯಲ್ಲಿ ಡೇವಿಡ್ ಬಾಲ್ಟಿಮೋರ್ ಹೈಸ್ಕೂಲ್ ಹುಡುಗನಾಗಿ ಅಲ್ಲಿಗೆ ಹೋದಾಗ, ಮುಂದೆ ಇಲಿಗಳ ಬದಲು ವೈರಸ್‌ಗಳ ಹಿಂದೆ ಬಿದ್ದ ಹೋವರ್ಡ್ ಟೆಮಿನ್ ಕೂಡ ಅಲ್ಲಿದ್ದರು. ಇಪ್ಪತ್ತು ವರ್ಷಗಳ ನಂತರ, 1975ರಲ್ಲಿ, ಇಬ್ಬರೂ ರೆನಾಟೊ ಡುಲ್ಬೆಕೊ ಜೊತೆ ನೊಬೆಲ್ ಹಂಚಿಕೊಂಡರು. ಇಲಿಗಳ ಜೆನೆಟಿಕ್ಸ್‌ನಲ್ಲಿ ಆಸಕ್ತಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಮಗೆ ಕಾಣುವುದಿಲ್ಲ. ವಸತಿ, ಊಟ ಎರಡೂ ಸೇರಿರುವುದರಿಂದ ಸ್ಟೈಪೆಂಡ್‌ನ ಬಹುಪಾಲು ಕೈಯಲ್ಲೇ ಉಳಿಯುತ್ತದೆ. ಆದರೆ ಬಾಗಿಲು ಕಿರಿದು: 12ನೇ ತರಗತಿ ಮುಗಿಸುವವರಾಗಿರಬೇಕು, ಶುರುವಾಗುವ ದಿನಕ್ಕೆ 18 ತುಂಬಿರಬೇಕು, ಸೀಟಿಗೆ ಕಾಲೇಜು ವಿದ್ಯಾರ್ಥಿಗಳೂ ಸ್ಪರ್ಧಿಸುತ್ತಾರೆ. 11ನೇ ತರಗತಿಯವರು ಇದನ್ನು ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಲಿ.

ಸಿಯಾಟಲ್‌ನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರದ ಶಿಪ್ ಎಂಬ ಬೇಸಿಗೆ ಹೈಸ್ಕೂಲ್ ಇಂಟರ್ನ್‌ಶಿಪ್ ಕಾರ್ಯಕ್ರಮದ ರಚನೆ ನಮಗೆ ಬಹಳ ಹಿಡಿಸಿತು. 8 ವಾರ ಪೂರ್ಣಾವಧಿ, ಸ್ಟೈಪೆಂಡ್ ಉಂಟು, 12ಕ್ಕೆ ಕಾಲಿಡುವವರಿಗೆ. ಮೊದಲ 2 ವಾರ ತರಬೇತಿಗೆಂದೇ ಇರುವ ಲ್ಯಾಬಿನಲ್ಲಿ ಸುರಕ್ಷತೆ ಮತ್ತು ಮೂಲ ಕೌಶಲ, ಆಮೇಲೆ 6 ವಾರ ನಿಜವಾದ ಸಂಶೋಧನಾ ತಂಡದ ಜೊತೆ. ಇದು ಯಾಕೆ ಮುಖ್ಯ ಎಂದರೆ, ಬಹಳ ಕಡೆ ಪೈಪೆಟ್ ಹಿಡಿಯುವುದನ್ನೂ ಮೆಂಟರ್ ತನ್ನ ಸ್ವಂತ ಪ್ರಯೋಗದ ನಡುವೆಯೇ ಕಲಿಸಬೇಕು. ಆತುರದ ದಿನಗಳಲ್ಲಿ ಆ ಕಲಿಕೆ ಮೊದಲು ಬಲಿಯಾಗುತ್ತದೆ, ಮಗು ಮೂರನೇ ವಾರದಲ್ಲೂ ಟ್ಯೂಬ್‌ಗಳಿಗೆ ಲೇಬಲ್ ಅಂಟಿಸುತ್ತಾ ಕೂತಿರುತ್ತದೆ. ತರಬೇತಿಯನ್ನು ಮೊದಲೇ ಬೇರೆ ಮುಗಿಸಿಬಿಟ್ಟರೆ ಲ್ಯಾಬಿನವರಿಗೆ ಹೊರೆ ತಪ್ಪುತ್ತದೆ, ಕೆಲಸವನ್ನೂ ಧೈರ್ಯವಾಗಿ ಒಪ್ಪಿಸುತ್ತಾರೆ.

ಲಾಸ್ ಏಂಜಲೀಸ್ ಬಳಿಯ ಡುವಾರ್ಟೆಯಲ್ಲಿರುವ ಸಿಟಿ ಆಫ್ ಹೋಪ್ 10 ವಾರ ಪೂರ್ಣಾವಧಿ ನಡೆಸುತ್ತದೆ, ಸ್ಟೈಪೆಂಡ್ ಇದೆ. ಆ ಹೆಚ್ಚುವರಿ 2 ವಾರ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು, ಆದರೆ ಒಂದು ಪ್ರಯೋಗ ಕೆಟ್ಟರೆ ಮತ್ತೊಮ್ಮೆ ಮಾಡಲು ಸಮಯ ಸಿಗುವುದು ಅಲ್ಲೇ.

ಸ್ಟ್ಯಾನ್‌ಫರ್ಡ್‌ಗೆ ಮರಳೋಣ. ಕಾರ್ಯಕ್ರಮ ಕಳಪೆಯಲ್ಲ. ಇಮ್ಯುನಾಲಜಿ, ಕ್ಯಾನ್ಸರ್ ಬಯಾಲಜಿ, ನ್ಯೂರೋಬಯಾಲಜಿ, ಜೆನೆಟಿಕ್ಸ್, ಬಯೋಇನ್ಫರ್ಮ್ಯಾಟಿಕ್ಸ್ (ಜೈವಿಕ ದತ್ತಾಂಶವನ್ನು ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸುವುದು) ಹೀಗೆ ವಿಭಾಗಗಳಿವೆ, ಉಪನ್ಯಾಸಗಳು ಗಟ್ಟಿಯಾಗಿವೆ. ಆದರೆ ವಸತಿ ಕೊಡುವುದಿಲ್ಲ, ಹಾಗಾಗಿ ಬರುವವರಲ್ಲಿ ಹೆಚ್ಚಿನವರು ಬೇ ಏರಿಯಾದವರು, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನವರು. ಅರ್ಜಿ ಶುಲ್ಕ 40 ಡಾಲರ್, ಕಡಿಮೆ ಆದಾಯದ ಕುಟುಂಬಗಳಿಗೆ ವಿನಾಯಿತಿ. ಆರ್ಥಿಕ ಅಗತ್ಯ ತೋರಿಸಿದ ಕೆಲವರಿಗೆ 500ಕ್ಕಿಂತ ಹೆಚ್ಚು ಸಿಗುತ್ತದೆ. ಹೊರ ರಾಜ್ಯದಿಂದ ಹೋಗಿ 8 ವಾರ ಪಾಲೊ ಆಲ್ಟೊದಲ್ಲಿ ಬಾಡಿಗೆ ಕೋಣೆ ಹಿಡಿದರೆ ಆ ಸ್ಟೈಪೆಂಡ್ ಮೊದಲ ತಿಂಗಳಿಗೂ ಸಾಲದು. ಹತ್ತಿರದ ನೆಂಟರ ಮನೆಯಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸೈಮನ್ಸ್ ಕಾರ್ಯಕ್ರಮ 1984ರಿಂದ ನಡೆಯುತ್ತಿದೆ. ಇದಕ್ಕೆ ಶಾಲೆಯೇ ನಾಮನಿರ್ದೇಶನ ಮಾಡಬೇಕು, ಅದೂ ಒಂದು ಶಾಲೆಯಿಂದ ಗರಿಷ್ಠ ಇಬ್ಬರು. ಆದ್ದರಿಂದ ನಿಜವಾದ ಗಡುವು ಫೆಬ್ರವರಿಯಲ್ಲ, ಶಾಲೆಯೊಳಗೆ ಕೌನ್ಸೆಲರ್ ಇಟ್ಟ ಡಿಸೆಂಬರ್ ಗಡುವು. ಕ್ಯಾಂಪಸ್‌ನಲ್ಲಿ ಉಳಿದರೆ ಖರ್ಚು ವಿದ್ಯಾರ್ಥಿಯದೇ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಕ್ಲಾರ್ಕ್ ಸ್ಕಾಲರ್ಸ್ 7 ವಾರಕ್ಕೆ 750 ಡಾಲರ್ ಕೊಟ್ಟು ವಸತಿ, ಊಟ ನೋಡಿಕೊಳ್ಳುತ್ತದೆ. 17 ತುಂಬಿರಬೇಕು, ತೆಗೆದುಕೊಳ್ಳುವುದು ಬರೀ 12 ಜನರನ್ನು. ಮೆಡಿಕಲ್ ವಿಷಯ ಅಲ್ಲಿ ಹಲವು ವಿಷಯಗಳಲ್ಲಿ ಒಂದು ಮಾತ್ರ. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನ ಬ್ರಾಡ್ ಇನ್‌ಸ್ಟಿಟ್ಯೂಟ್ 6 ವಾರ ನಡೆಸುತ್ತದೆ, ಸ್ಟೈಪೆಂಡ್ ಇದೆ, ಆದರೆ ಬಾಸ್ಟನ್ ಸುತ್ತಮುತ್ತ ದಿನವೂ ಓಡಾಡಬಲ್ಲವರಿಗಷ್ಟೇ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಪ್ರಾಜೆಕ್ಟ್ ಸೀಡ್ 1968ರಿಂದ ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಸ್ಟೈಪೆಂಡ್ ಕೊಡುತ್ತಾ ಬಂದಿದೆ. ಹೆಸರಿನಲ್ಲಿ ರಸಾಯನಶಾಸ್ತ್ರ ಎಂದಿದ್ದರೂ ಔಷಧ ಮತ್ತು ಜೀವರಸಾಯನ ಲ್ಯಾಬ್‌ಗಳಲ್ಲೂ ಜಾಗ ಸಿಗುತ್ತದೆ. ಇದನ್ನು ಕೇಳಿಲ್ಲದ ಪೋಷಕರೇ ಹೆಚ್ಚು.

ಇನ್ನು ಎನ್‌ಐಎಚ್. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ, ಆ ದೇಶದ ಅತಿದೊಡ್ಡ ಬಯೋಮೆಡಿಕಲ್ ಸಂಸ್ಥೆ, ಸ್ಟೈಪೆಂಡ್ ಕೊಡುತ್ತಿತ್ತು. ಅಲ್ಲಿ ಅರ್ಜಿ ಹಾಕಿ ಸುಮ್ಮನೆ ಕೂತರೆ ಆಗುತ್ತಿರಲಿಲ್ಲ. ವಿಜ್ಞಾನಿಗಳು ತಮಗೆ ಬೇಕಾದ ಅರ್ಜಿಯನ್ನು ತಾವೇ ತೆರೆದು ನೋಡುತ್ತಿದ್ದರು, ಹಾಗಾಗಿ ವಿದ್ಯಾರ್ಥಿಯೇ ಇಮೇಲ್ ಬರೆದು ಗಮನ ಸೆಳೆಯಬೇಕಿತ್ತು. ಆದರೆ 2025ರ ಬೇಸಿಗೆಯ ಕಾರ್ಯಕ್ರಮವನ್ನೇ ರದ್ದು ಮಾಡಿದರು. ಆ ಒಂದು ಘಟನೆ ಎಲ್ಲರಿಗೂ ಪಾಠ. ಫೆಡರಲ್ ಅನುದಾನದ ಮೇಲೆ ನಿಂತ ಯಾವ ಕಾರ್ಯಕ್ರಮವೂ ಕಳೆದ ವರ್ಷ ನಡೆದಿದೆ ಎಂಬ ಒಂದೇ ಕಾರಣಕ್ಕೆ ಈ ವರ್ಷವೂ ನಡೆಯುತ್ತದೆ ಎಂದು ನಂಬುವಂತಿಲ್ಲ. ಎನ್‌ಐಎಚ್ ರಿಪೋರ್ಟರ್ ಎಂಬ ಸಾರ್ವಜನಿಕ ಹುಡುಕು ಪುಟದಲ್ಲಿ ಕಾರ್ಯಕ್ರಮದ ಹೆಸರು ಅಥವಾ ನಿರ್ದೇಶಕರ ಹೆಸರು ಹಾಕಿದರೆ ಅನುದಾನ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಕಾಣುತ್ತದೆ. ಆ ದಿನಾಂಕ ಜೂನ್‌ಗಿಂತ ಹಿಂದೆ ಇದ್ದರೆ, ಹಣ ಎಲ್ಲಿಂದ ಬರುತ್ತದೆ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ.

ಸಾವಿರಾರು ಡಾಲರ್ ಶುಲ್ಕ ವಸೂಲು ಮಾಡಿ 'ಸಂಶೋಧನೆ' ಮಾಡಿಸುವ ಆನ್‌ಲೈನ್ ಸೇವೆಗಳ ಬಗ್ಗೆ ಒಂದೇ ಮಾತು: ಅವು ಟ್ಯೂಷನ್. ಟ್ಯೂಷನ್ ಬೇಕಿದ್ದರೆ ತೆಗೆದುಕೊಳ್ಳಿ, ಇಂಟರ್ನ್‌ಶಿಪ್ ಎಂದು ಭಾವಿಸಬೇಡಿ.

ವೀಸಾ, ವಯಸ್ಸು, ತೆರಿಗೆ

ಮೇಲೆ ಹೇಳಿದವುಗಳಲ್ಲಿ ಬಹಳಷ್ಟಕ್ಕೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಎಸ್‌ಐಎಂಆರ್ ಮತ್ತು ಸೈಮನ್ಸ್ ಎರಡೂ ಹಾಗೆಯೇ. ಎಚ್-4ರಲ್ಲಿರುವ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾಗಿ ಬಂದ, ಮಕ್ಕಳಿಗೆ ಇಲ್ಲಿ ಎರಡು ಪೆಟ್ಟು. ಒಂದು, ಅರ್ಹತೆಯೇ ಇರುವುದಿಲ್ಲ. ಎರಡು, ಅರ್ಹತೆಯ ಷರತ್ತು ಹಾಕದ ಲ್ಯಾಬ್ ಸಿಕ್ಕರೂ ಎಚ್-4 ಮಗು ಸಂಬಳದ ಕೆಲಸ ಮಾಡುವಂತಿಲ್ಲ. ಎಚ್-4 ಇಎಡಿ (ಕೆಲಸದ ಅನುಮತಿ ಪತ್ರ) ಗಂಡ ಅಥವಾ ಹೆಂಡತಿಗೆ ಮಾತ್ರ, ಮಕ್ಕಳಿಗಲ್ಲ. 'ಸಂಬಳ ಬೇಡ, ವಾಲಂಟಿಯರ್ ಆಗಿ ಬರುತ್ತಾನೆ' ಎಂಬ ಉಪಾಯವೂ ಎಲ್ಲ ಕಡೆ ನಡೆಯದು. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ತೊಂದರೆ ಬರಬಹುದು. ಗ್ರೀನ್ ಕಾರ್ಡ್‌ನ ಅರ್ಜಿಯಾದ ಐ-485 ಸಲ್ಲಿಸಿ ಅದರ ಮೇಲೆ ಇಎಡಿ ಪಡೆದ ಮಗುವಿಗೆ ಕೆಲಸದ ಅನುಮತಿ ಉಂಟು. ಆದರೂ ಕಾರ್ಯಕ್ರಮದ ನಿಯಮದಲ್ಲಿ 'ಗ್ರೀನ್ ಕಾರ್ಡ್ ಇರಬೇಕು' ಎಂದೇ ಬರೆದಿದ್ದರೆ ಇಎಡಿ ತೋರಿಸಿ ಪ್ರಯೋಜನವಿಲ್ಲ. ಅರ್ಜಿ ಶುಲ್ಕ ಕಟ್ಟುವ ಮೊದಲು ಸಂಯೋಜಕರಿಗೆ ಎರಡು ಸಾಲಿನ ಇಮೇಲ್ ಬರೆದು ಉತ್ತರವನ್ನು ಲಿಖಿತದಲ್ಲಿ ಪಡೆದುಕೊಳ್ಳಿ. ಕ್ಲಾರ್ಕ್ ಸ್ಕಾಲರ್ಸ್‌ನಂಥ ಕೆಲವು ವಿದೇಶಿ ವಿದ್ಯಾರ್ಥಿಗಳಿಗೂ ತೆರೆದಿವೆ.

ವಯಸ್ಸಿನ ಗೆರೆ ಸಾಮಾನ್ಯವಾಗಿ 16. 'ಕಾರ್ಯಕ್ರಮ ಶುರುವಾಗುವ ದಿನಕ್ಕೆ' ಎಂಬ ಷರತ್ತನ್ನು ಗಮನಿಸಿ. ಜುಲೈನಲ್ಲಿ ಹುಟ್ಟಿದ ಮಗುವಿಗೆ ಆ ಕೆಲವು ವಾರ ಒಂದು ವರ್ಷವನ್ನೇ ನುಂಗುತ್ತವೆ. ಬೇಡಿಕೊಂಡರೆ ಬಿಡುವುದಿಲ್ಲ, ಏಕೆಂದರೆ ಅದು ಸಂಯೋಜಕರ ಇಷ್ಟದ ಮಾತಲ್ಲ, ಸಂಸ್ಥೆಯ ಲ್ಯಾಬ್ ಸುರಕ್ಷತಾ ನಿಯಮ. 18ರ ಒಳಗಿನವರನ್ನು ವಿಕಿರಣಶೀಲ ವಸ್ತು ಮತ್ತು ಹೆಚ್ಚಿನ ಅಪಾಯದ ರೋಗಾಣು ಇರುವ ಲ್ಯಾಬ್‌ಗಳಿಂದ ಸಾಮಾನ್ಯವಾಗಿ ದೂರವಿಡುತ್ತಾರೆ, ಬಹಳ ಕಡೆ ಪ್ರಾಣಿಗಳ ಕೋಣೆಗೂ ಬಿಡುವುದಿಲ್ಲ. ರೋಗಿಗಳನ್ನು ನೋಡುತ್ತೇನೆ ಎಂಬ ನಿರೀಕ್ಷೆ ಇದ್ದರೆ ಬಿಟ್ಟುಬಿಡಿ. ಇವು ಲ್ಯಾಬ್ ಮತ್ತು ದತ್ತಾಂಶದ ಕೆಲಸಗಳು.

ತೆರಿಗೆಯನ್ನು ಬಹುತೇಕರು ಮರುವರ್ಷ ಏಪ್ರಿಲ್‌ನಲ್ಲಿ ನೆನಪಿಸಿಕೊಳ್ಳುತ್ತಾರೆ. ಸ್ಟೈಪೆಂಡ್ ತೆರಿಗೆಗೆ ಒಳಪಡುವ ಆದಾಯ, ಆದರೆ ಯಾವ ಫಾರ್ಮ್‌ನಲ್ಲಿ ಬರುತ್ತದೆ ಎಂಬುದರ ಮೇಲೆ ಕಥೆ ಬದಲಾಗುತ್ತದೆ. ಸಂಬಳದ ವಾರ್ಷಿಕ ಫಾರ್ಮ್ ಆದ ಡಬ್ಲ್ಯು-2 ಕೊಟ್ಟರೆ ಮಗು ನೌಕರ. ಇಷ್ಟು ಸಣ್ಣ ಮೊತ್ತಕ್ಕೆ ಫೆಡರಲ್ ಆದಾಯ ತೆರಿಗೆ ಸಾಮಾನ್ಯವಾಗಿ ಬೀಳುವುದಿಲ್ಲ, ಆ ತೆರಿಗೆಗೆಂದು ಕತ್ತರಿಸಿದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಕಾಂಟ್ರ್ಯಾಕ್ಟರ್‌ಗಳಿಗೆ ಕೊಡುವ 1099-ಎನ್‌ಇಸಿ ಫಾರ್ಮ್ ಬಂದರೆ ಸ್ವಯಂ ಉದ್ಯೋಗ ಎಂದರ್ಥ. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಬಹುತೇಕ ಪೂರ್ತಿ ಗಳಿಕೆಯ ಮೇಲೆ ಶೇ. 15.3ರ ತೆರಿಗೆ ಬೀಳುತ್ತದೆ. 3,000 ಡಾಲರ್ ಸ್ಟೈಪೆಂಡ್‌ಗೆ ಅದು 400ಕ್ಕೂ ಹೆಚ್ಚು. ಮಗು ಸ್ವತಂತ್ರ ಕಾಂಟ್ರ್ಯಾಕ್ಟರ್ ಅಲ್ಲದಿದ್ದರೂ ತಪ್ಪಾಗಿ ಈ ಫಾರ್ಮ್ ಕೊಡುವ ಸಂದರ್ಭಗಳಿವೆ, ಆಗ ಹಣಕಾಸು ವಿಭಾಗಕ್ಕೆ ಬರೆದು ತಿದ್ದಿಸಿ. ಇನ್ನೊಂದು: ಮಗುವಿನ ಹೆಸರಲ್ಲಿ ರಾತ್ ಐಆರ್‌ಎ (ನಿವೃತ್ತಿ ಉಳಿತಾಯ ಖಾತೆ) ತೆರೆಯುವ ಆಸೆ ಇದ್ದರೆ ಡಬ್ಲ್ಯು-2 ಸಂಬಳವನ್ನು ನಿಶ್ಚಿಂತೆಯಿಂದ ಬಳಸಬಹುದು. ಡಬ್ಲ್ಯು-2 ಇಲ್ಲದ ಫೆಲೋಶಿಪ್ ಮೊತ್ತಕ್ಕೆ ಕಾನೂನು ಕೊಟ್ಟ ರಿಯಾಯಿತಿ ಪದವಿ ಮೇಲಿನ ಮತ್ತು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ) ವ್ಯಾಸಂಗಕ್ಕೆ ಸೀಮಿತ, ಹೈಸ್ಕೂಲಿಗೆ ಅನ್ವಯಿಸದು.

ನೌಕರ ಎಂದು ಪರಿಗಣಿಸುವ ಕಡೆ ಕ್ಯಾಲಿಫೋರ್ನಿಯಾದಲ್ಲಿ 18ರ ಒಳಗಿನವರಿಗೆ ವರ್ಕ್ ಪರ್ಮಿಟ್ ಬೇಕು, ಅದನ್ನು ಕೊಡುವುದು ಶಾಲೆ. ಜೂನ್‌ನಲ್ಲಿ ಶಾಲೆಯ ಆಫೀಸ್ ಮುಚ್ಚಿದ ಮೇಲೆ ಸಹಿಗಾಗಿ ಅಲೆಯುವುದಕ್ಕಿಂತ ಮೇ ತಿಂಗಳಲ್ಲೇ ಮಾಡಿಸಿಕೊಳ್ಳಿ.

ಲಸಿಕೆ ಕಾಗದಗಳು

ಆಸ್ಪತ್ರೆಗೆ ಸೇರಿದ ಲ್ಯಾಬ್‌ಗಳು ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ ಲಸಿಕೆ) 2 ಡೋಸ್, ಚಿಕನ್‌ಪಾಕ್ಸ್ 2 ಡೋಸ್, ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಕೇಳುತ್ತವೆ. ಹೆಪಟೈಟಿಸ್ ಬಿ ಸಾಮಾನ್ಯ ಕ್ರಮ 0, 1, 6 ತಿಂಗಳು. ಮೇ ತಿಂಗಳಲ್ಲಿ ಶುರುಮಾಡಿ ಜೂನ್‌ಗೆ ಮುಗಿಸಲಾಗದು. ದಾಖಲೆ ಕಳೆದಿದ್ದರೆ ರಕ್ತದಲ್ಲಿ ಪ್ರತಿಕಾಯ ನೋಡುವ ಟೈಟರ್ ಪರೀಕ್ಷೆಯನ್ನು ಬಹಳ ಕಡೆ ಒಪ್ಪುತ್ತಾರೆ. ಟಿಬಿಯಲ್ಲಿ ಒಂದು ಗೊಂದಲವಿದೆ: ಭಾರತದಲ್ಲಿ ಹುಟ್ಟಿ ಟಿಬಿಯ ಬಿಸಿಜಿ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ಬರಬಹುದು. ಆಮೇಲೆ ಎದೆಯ ಎಕ್ಸ್‌ರೇ, ವೈದ್ಯರ ಪತ್ರ, ವಿಳಂಬ. ಮೊದಲೇ ಐಜಿಆರ್‌ಎ ರಕ್ತ ಪರೀಕ್ಷೆ ಕೇಳಿ ಪಡೆಯಿರಿ, ಅದರ ಮೇಲೆ ಬಿಸಿಜಿ ಪರಿಣಾಮ ಇಲ್ಲ. ಚರ್ಮದ ಪರೀಕ್ಷೆಯೇ ಮಾಡಿಸುವುದಾದರೆ 48ರಿಂದ 72 ಗಂಟೆಯೊಳಗೆ ಓದಿಸಲು ಮತ್ತೆ ಹೋಗಬೇಕು. ಎಂಎಂಆರ್ ಹಾಕಿಸಿದ ದಿನವೇ ಮಾಡಿಸಬಹುದು. ಆ ದಿನ ತಪ್ಪಿದರೆ ಕನಿಷ್ಠ 4 ವಾರ ಕಾಯಬೇಕು, ಇಲ್ಲವಾದರೆ ಫಲಿತಾಂಶ ನಂಬಲಾಗದು.

ಆ 8 ವಾರ ನಿಜವಾಗಿ ಹೇಗೆ ಕಳೆಯುತ್ತದೆ

40 ಕೆಲಸದ ದಿನ ಎಂದು ಹೇಳುತ್ತಾರೆ. ಜೂನ್ 19 ಮತ್ತು ಜುಲೈ 4ರ ರಜೆ ತೆಗೆಯಿರಿ. ಸುರಕ್ಷತಾ ತರಬೇತಿ, ಬ್ಯಾಡ್ಜ್, ಕಂಪ್ಯೂಟರ್ ಖಾತೆ ಇವಕ್ಕೆ ಮೊದಲ ವಾರ ಹೋಗುತ್ತದೆ. ಕೊನೆಯ ವಾರ ಪೋಸ್ಟರ್‌ಗೆ. ಉಪನ್ಯಾಸದ ದಿನಗಳನ್ನೂ ಕಳೆದರೆ ಪ್ರಯೋಗಕ್ಕೆ ಸಿಗುವುದು 25 ದಿನಗಳ ಆಸುಪಾಸು.

25 ದಿನದಲ್ಲಿ ಏನಾಗುತ್ತದೆ? ಒಂದು ಪ್ರೋಟೀನ್ ಇದೆಯೇ ಎಂದು ನೋಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಗೆ 2 ದಿನ: ಮೊದಲ ದಿನ ಜೆಲ್ ಓಡಿಸಿ, ಮೆಂಬ್ರೇನ್‌ಗೆ ವರ್ಗಾಯಿಸಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ ಮೊದಲ ಆಂಟಿಬಾಡಿ, ಮರುದಿನ ಎರಡನೇ ಆಂಟಿಬಾಡಿ, ಚಿತ್ರ. ಆಂಟಿಬಾಡಿ ಕೆಲಸ ಮಾಡದಿದ್ದರೆ ಒಂದು ವಾರ ಹೋಯಿತೆಂದೇ ಲೆಕ್ಕ. ಕ್ಯಾನ್ಸರ್ ಕೋಶಗಳನ್ನು ಎರಡು ಮೂರು ದಿನಕ್ಕೊಮ್ಮೆ ಹೊಸ ಫ್ಲಾಸ್ಕ್‌ಗೆ ಬದಲಿಸಬೇಕು, ಶನಿವಾರವೂ ಹೋಗಬೇಕಾದೀತು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಕೋಶಭಿತ್ತಿ ಇಲ್ಲದ್ದರಿಂದ ಕೋಶ ಬೆಳೆಸುವ ದ್ರವಕ್ಕೆ ಹಾಕುವ ಪೆನಿಸಿಲಿನ್‌ಗೂ ಜಗ್ಗದು, ಕೋಶಗಳನ್ನೆಲ್ಲ ಎಸೆದು ಮೊದಲಿನಿಂದ ಶುರು. ಇಲಿಗಳದ್ದು ಇನ್ನೂ ಸರಳ ಲೆಕ್ಕ: ಗರ್ಭ ಸುಮಾರು 3 ವಾರ, ಮರಿ ತಾಯಿಯಿಂದ ಬೇರೆಯಾಗಲು ಇನ್ನು 3 ವಾರ. ಹೊಸ ತಳಿ ಬೆಳೆಸಿ ಪ್ರಯೋಗ ಮಾಡಿಸುತ್ತೇವೆ ಎಂದು 8 ವಾರದ ಕಾರ್ಯಕ್ರಮದಲ್ಲಿ ಯಾರಾದರೂ ಹೇಳಿದರೆ ಅವರು ಲೆಕ್ಕ ಹಾಕಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಕೋಶ, ಇಲಿ, ಮಾದರಿ ಅಥವಾ ದತ್ತಾಂಶ ಈಗಲೇ ಸಿದ್ಧವಾಗಿದೆಯೇ? ಎರಡನೆಯದು, ದಿನವೂ ನನ್ನ ಜೊತೆ ಇರುವವರು ಯಾರು, ಜುಲೈನಲ್ಲಿ ಅವರು ರಜೆ ಹೋದರೆ ಯಾರು? ಲ್ಯಾಬ್ ಮುಖ್ಯಸ್ಥರು ಎಷ್ಟೇ ಪ್ರಸಿದ್ಧರಾಗಿರಲಿ, ಕಲಿಸುವುದು ಒಬ್ಬ ಪೋಸ್ಟ್‌ಡಾಕ್ ಅಥವಾ ಪಿಎಚ್‌ಡಿ ವಿದ್ಯಾರ್ಥಿ. ಮೂರನೆಯದು, ಪ್ರಾಣಿ ಅಥವಾ ರೋಗಿ ದತ್ತಾಂಶದ ಕೆಲಸವಾದರೆ ಅನುಮೋದಿತ ಪ್ರೋಟೋಕಾಲ್‌ಗೆ ನನ್ನ ಹೆಸರು ಸೇರಿಸುವುದು ಯಾವಾಗ? ಆ ತಿದ್ದುಪಡಿ ಸಮಿತಿಯ ಮೇಜಿನ ಮೇಲೆ ವಾರಗಟ್ಟಲೆ ಕೂರುತ್ತದೆ. ಮೇ ಆರಂಭದಲ್ಲಿ ಕಳುಹಿಸದಿದ್ದರೆ ಮಗು ಜೂನ್ ಪೂರ್ತಿ ಓದುತ್ತಾ ಕೂರಬೇಕು.

ಕೋಡಿಂಗ್ ಬರುವವರಿಗೆ ಬಯೋಇನ್ಫರ್ಮ್ಯಾಟಿಕ್ಸ್ ಒಳ್ಳೆಯ ಆಯ್ಕೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸೋಂಕು ತಗಲುವುದಿಲ್ಲ, ತಪ್ಪಾದರೆ ಅದೇ ಸಂಜೆ ಮತ್ತೆ ಓಡಿಸಬಹುದು, 8 ವಾರದಲ್ಲಿ ಒಂದು ಪೂರ್ಣ ಫಲಿತಾಂಶ ಸಿಗುವ ಸಾಧ್ಯತೆ ಹೆಚ್ಚು. ಆರ್ ಅಥವಾ ಪೈಥಾನ್‌ನಲ್ಲಿ ಒಂದು ಫೈಲ್ ಓದಿ, ಶೋಧಿಸಿ, ಗ್ರಾಫ್ ಹಾಕುವಷ್ಟಾದರೂ ಮೊದಲೇ ಬಂದಿರಬೇಕು.

ಅರ್ಜಿ

ಹೆಚ್ಚಿನವು ನವೆಂಬರ್ ಹಾಗೂ ಡಿಸೆಂಬರ್‌ನಲ್ಲಿ ತೆರೆದು ಜನವರಿಯಿಂದ ಮಾರ್ಚ್ ಒಳಗೆ ಮುಚ್ಚುತ್ತವೆ. ಶಿಫಾರಸು ಪತ್ರವನ್ನು ಡಿಸೆಂಬರ್ ಮೊದಲ ವಾರದಲ್ಲೇ ಕೇಳಿ. ರಜೆ ಮುಗಿದ ಮೇಲೆ ಕೇಳಿದರೆ ಟೀಚರ್‌ಗೆ ಸಮಯ ಸಾಲದು. ಕೇಳುವಾಗ ಆ ತರಗತಿಯಲ್ಲಿ ಮಾಡಿದ ಒಂದು ಲ್ಯಾಬ್ ಕೆಲಸವನ್ನು ನೆನಪಿಸುವ ಅರ್ಧ ಪುಟ ಕೊಡಿ. ಪತ್ರದಲ್ಲಿ ಬೇಕಾದದ್ದು ಅಂಕಪಟ್ಟಿಯ ಪುನರುಕ್ತಿಯಲ್ಲ. ಪ್ರಯೋಗ ಕೆಟ್ಟಾಗ ಈ ಮಗು ಏನು ಮಾಡಿತು ಎಂಬ ಒಂದು ಸಂಗತಿ.

ಪ್ರಬಂಧದಲ್ಲಿ 'ಚಿಕ್ಕಂದಿನಿಂದಲೂ ಡಾಕ್ಟರ್ ಆಗುವ ಆಸೆ' ಎಂದು ಶುರುಮಾಡಿದವರ ರಾಶಿ ದೊಡ್ಡದಿರುತ್ತದೆ, ಓದುವವರು ವಿಜ್ಞಾನಿಗಳು. ಅವರಿಗೆ ಬೇಕಿರುವುದು ಒಂದು ಪ್ರಶ್ನೆ. ಯಾವ ವಿಷಯ ಓದಿದೆ, ಅದರಲ್ಲಿ ಎಲ್ಲಿ ಅರ್ಥವಾಗಲಿಲ್ಲ, ಅದನ್ನು ತಿಳಿಯಲು ಏನು ಅಳೆಯಬೇಕು ಎಂದು ಬರೆದ 300 ಪದ ಉಳಿದೆಲ್ಲಕ್ಕಿಂತ ತೂಕದ್ದು. ಪೂರ್ತಿ 8 ವಾರ ಇರುತ್ತೇನೆ ಎಂದು ಸ್ಪಷ್ಟವಾಗಿ ಬರೆಯಿರಿ. ನಡುವೆ ಎರಡು ವಾರ ಊರಿಗೆ ಹೋಗುವ ಟಿಕೆಟ್ ಬುಕ್ ಆಗಿದ್ದರೆ ಈ ವರ್ಷ ಅರ್ಜಿ ಹಾಕಬೇಡಿ; ಹೆಚ್ಚಿನ ಕಡೆ ಒಂದು ವಾರದ ಗೈರುಹಾಜರಿಗೂ ಒಪ್ಪುವುದಿಲ್ಲ.

ಸೀಟು ಸಿಕ್ಕಮೇಲೆ, ಆ ಕೆಲಸವನ್ನು ಸೈನ್ಸ್ ಫೇರ್‌ಗೆ ಒಯ್ಯುವ ಯೋಚನೆ ಇದ್ದರೆ ಕಾಗದಪತ್ರ ಜೂನ್‌ಗಿಂತ ಮೊದಲೇ ಶುರುವಾಗಬೇಕು. ಅಂತಾರಾಷ್ಟ್ರೀಯ ಸೈನ್ಸ್ ಫೇರ್ ಆದ ಐಎಸ್‌ಇಎಫ್ ನಿಯಮದಂತೆ ಕಶೇರುಕ ಪ್ರಾಣಿ, ಮಾನವ ವಿಷಯ, ಅಪಾಯಕಾರಿ ಜೈವಿಕ ವಸ್ತುಗಳ ಕೆಲಸಕ್ಕೆ ಪ್ರಯೋಗಕ್ಕೆ ಮುಂಚೆಯೇ ಅನುಮೋದನೆ ಬೇಕು. ಆಗಸ್ಟ್‌ನಲ್ಲಿ ಹಿಂದಿನ ದಿನಾಂಕ ಹಾಕಿಸುವ ಹಾಗಿಲ್ಲ. ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಫಾರ್ಮ್ 1ಸಿ ಬೇಕು, ಅದನ್ನು ಮೇಲ್ವಿಚಾರಕರು ಪ್ರಯೋಗ ಮುಗಿದ ಮೇಲೆ ತುಂಬುತ್ತಾರೆ. ಕೊನೆಯ ಶುಕ್ರವಾರ ಬ್ಯಾಡ್ಜ್ ವಾಪಸ್ ಕೊಡುವ ಮೊದಲೇ ಅದಕ್ಕೆ ಸಹಿ ಹಾಕಿಸಿಕೊಳ್ಳಿ. ಲ್ಯಾಬ್ ಪ್ರಕಟಿಸದ ದತ್ತಾಂಶವನ್ನು ಪೋಸ್ಟರ್‌ನಲ್ಲಿ ಹಾಕಲು ಮುಖ್ಯಸ್ಥರ ಒಪ್ಪಿಗೆಯನ್ನೂ ಆಗಲೇ ಇಮೇಲ್‌ನಲ್ಲಿ ಕೇಳಿ, ಏಕೆಂದರೆ ಸೆಪ್ಟೆಂಬರ್‌ನಲ್ಲಿ ಕೇಳಿದರೆ ಉತ್ತರ ಬರುವುದು ಫೇರ್ ಗಡುವು ಮುಗಿದ ಮೇಲೆ.